ರೈಸ್ ಮಿಲ್ಲಿನಲ್ಲಿ ಅಮ್ಮನ ಜಾಗ

ನಮ್ಮ ಸಭೆಯಲ್ಲಿ ಅಳಬೇಕಾದ ಕಡೆ ನಗು ಬಂದುಬಿಡುತ್ತದೆ. ಯಾರೂ ಬೇಕೆಂದು ಮಾಡುವುದಿಲ್ಲ, ತಾನಾಗಿಯೇ ಆಗುತ್ತದೆ. ಒಮ್ಮೆ ಆಗಿ ಸುಮ್ಮನಾಗುವುದೂ ಇಲ್ಲ, ಮತ್ತೆ ಆಗುತ್ತದೆ. ಹಳೆಯ ರೈಸ್ ಮಿಲ್ಲೊಂದನ್ನು ತೆಗೆದುಕೊಂಡು ಅದನ್ನು ದೇವಾಲಯ ಮಾಡಲು ಹೊರಟ ಒಂದೂವರೆ ವರ್ಷದಲ್ಲಂತೂ ವಾರಕ್ಕೊಂದು ಆಯಿತು.

ಸಭೆ ಅಂದರೆ ಇಲ್ಲಿ ಮೀಟಿಂಗ್ ಅಲ್ಲ. ಕ್ರೈಸ್ತರಾದ ನಾವು ಒಟ್ಟಾಗಿ ಆರಾಧನೆ ಮಾಡುವ ಜನರ ಗುಂಪಿಗೇ ಸಭೆ ಅನ್ನುತ್ತೇವೆ. ನಮ್ಮ ಪಾಸ್ಟರನ್ನು ಅಯ್ಯನವರು ಅಂತ ಕರೆಯುತ್ತೇವೆ. ಶಿಕಾರಿಪುರದಲ್ಲಿ ಬೇರೆ ಅಯ್ಯನವರೂ ಬೇಕಾದಷ್ಟು ಇದ್ದಾರೆ, ಅದಕ್ಕೇ ಈ ವಿವರಣೆ. ನಾನು ಸಭೆಯ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಹೈಸ್ಕೂಲಿನಲ್ಲಿ ಗುಮಾಸ್ತ. ಇದುವರೆಗೆ ನಾನು ಬರೆದಿದ್ದು ವರ್ಗಾವಣೆ ಪತ್ರಗಳನ್ನು ಮಾತ್ರ. ಒಂದು ಕಾಲಂ ಖಾಲಿ ಬಿಟ್ಟರೂ ಅವು ವಾಪಸ್ ಬರುತ್ತವೆ. ಹಾಗಾಗಿ ಇಲ್ಲೂ ಏನನ್ನೂ ಖಾಲಿ ಬಿಡಲು ಧೈರ್ಯ ಸಾಲದು.

ಇನ್ನೊಬ್ಬರ ಬಗ್ಗೆ ಹೇಳದಿದ್ದರೆ ಯಾವುದೂ ಅರ್ಥವಾಗುವುದಿಲ್ಲ. ಅವರು ನನ್ನ ಅಮ್ಮ. ಅಮ್ಮ ಸರ್ಕಾರಿ ನರ್ಸಾಗಿದ್ದವಳು. ವಯಸ್ಸಿದ್ದಾಗ ಸೊರಬದ ಕಡೆ ಕೆಲಸ, ಕ್ಯಾಸನೂರಿನ ಸುತ್ತಮುತ್ತ ಮಂಗನ ಕಾಯಿಲೆಯ ಲಸಿಕೆ ಹಾಕುತ್ತಾ ನಡೆದೇ ತಿರುಗಿದವಳು. ಆಮೇಲೆ ಶಿಕಾರಿಪುರಕ್ಕೆ ವರ್ಗವಾಗಿ ಬಂದು, ನಿವೃತ್ತಿಯವರೆಗೆ ಹೆರಿಗೆ ಮಾಡಿಸಿದ್ದೇ ಮಾಡಿಸಿದ್ದು. ಊರಿನ ಅರ್ಧ ಜನರನ್ನು ಅವರ ಮೊದಲ ಅಳುವಿನಿಂದಲೇ ಬಲ್ಲೆ ಅನ್ನುತ್ತಿದ್ದಳು. ಯಾರಿಗೂ ಹೆದರುತ್ತಿರಲಿಲ್ಲ. ಎಲ್ಲರೂ ಅವಳಿಗೆ ಹೆದರುತ್ತಿದ್ದರು.

ಸುಸ್ವಾಗತ

ಮೊದಲು ಅಪ್ಪನ ಸಾವಿನ ದಿನವನ್ನು ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಅಲ್ಲಿಂದಲೇ ಶುರುವಾದದ್ದು. ಆಗ ನಮ್ಮ ಸಭೆ ಭಾನುವಾರ ಬೆಳಿಗ್ಗೆ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಬಾಡಿಗೆಗೆ ಸೇರುತ್ತಿತ್ತು. ಅಪ್ಪ ತೀರಿಕೊಂಡಾಗ ಅಂತ್ಯಕ್ರಿಯೆಯ ಪ್ರಾರ್ಥನೆಗೂ ಅದೇ ಹಾಲನ್ನು ಕೇಳಿದೆವು. ಮನೆಯಲ್ಲಿ ಯಾಕೆ ಮಾಡಲಿಲ್ಲ ಅಂದರೆ, ನಮ್ಮ ಓಣಿಯಲ್ಲಿ ಎರಡು ಸೈಕಲ್ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ನೂರು ಜನ ನಿಲ್ಲುವುದೆಲ್ಲಿಂದ ಬಂತು?

ಮಂಟಪದ ಮ್ಯಾನೇಜರ್ ಕೈ ಮುಗಿದ. "ತಪ್ಪು ತಿಳ್ಕಬ್ಯಾಡ್ರಿ. ಸಂಜಿಗೆ ರಿಸೆಪ್ಷನ್ ಐತಿ. ಒಳಗೆ ಹೆಣ ಇಟ್ಟಿದ್ರು ಅಂತ ಬೀಗರಿಗೆ ಗೊತ್ತಾದ್ರೆ ನನ್ನ ಬಿಡ್ತಾರಾ? ಬೇಕಾದ್ರೆ ಗೇಟಿನ ಮುಂದೆ ಮಾಡ್ಕೊಳ್ರಿ, ಅಲ್ಲಿ ನೆರಳೈತಿ."

ಆ ನೆರಳು ಮದುವೆಯ ಕಮಾನಿನದು. ಚೆಂಡುಹೂವು ಸುತ್ತಿದ ಕಮಾನು, ಮೇಲೆ 'ಸುಸ್ವಾಗತ', ಅದರ ಕೆಳಗೆ ವಧೂವರರ ಹೆಸರು, ಅದರ ಕೆಳಗೆ ನಮ್ಮಪ್ಪ. ರಸ್ತೆಯಲ್ಲಿ ನಿಂತು ಹಾಡಿದೆವು. ಲಾರಿ ಬಂದಾಗ ಹಾಡು ನಿಲ್ಲಿಸಿ, ಪೆಟ್ಟಿಗೆಯನ್ನು ಸ್ವಲ್ಪ ಬದಿಗೆ ಸರಿಸಿ, ಲಾರಿ ಹೋದ ಮೇಲೆ ಬಿಟ್ಟ ಚರಣದಿಂದ ಹಾಡಿದೆವು.

ಆ ಹೊತ್ತಿಗೆ ರಿಸೆಪ್ಷನ್ನಿಗೆ ಬೇಗ ಬಂದ ಒಬ್ಬರು, ಕೈಯಲ್ಲಿ ಉಡುಗೊರೆಯ ಡಬ್ಬ ಹಿಡಿದು, ಏನೂ ತೋಚದೆ ನಮ್ಮ ಜೊತೆಯೇ ತಲೆ ತಗ್ಗಿಸಿ ನಿಂತರು. ಪ್ರಾರ್ಥನೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನೀವು ಗಂಡಿನ ಕಡೇರಾ, ಹೆಣ್ಣಿನ ಕಡೇರಾ?"

"ತೀರಿಹೋದವರ ಕಡೆಯವರು," ಅಂದೆ.

ಅವರು ಬಹಳ ನೊಂದುಕೊಂಡರು. ನನ್ನ ಭುಜದ ಮೇಲೆ ಕೈಯಿಟ್ಟು "ಛೇ, ಛೇ" ಅಂದರು. ಉಡುಗೊರೆಯ ಡಬ್ಬವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಇನ್ನೂ ಮೆಲ್ಲಗೆ ಕೇಳಿದರು. "ಊಟ ಒಳಗಡೇನಾ?"

ಅಮ್ಮ ಅದನ್ನು ಕೇಳಿಸಿಕೊಂಡಳು. ಆ ದಿನ ಅವಳು ಅಳಲಿಲ್ಲ. ಮಣ್ಣು ಮಾಡಿ ವಾಪಸ್ ಬರುವಾಗ ಇಷ್ಟೇ ಹೇಳಿದಳು. "ನನ್ನನ್ನ ಮಾತ್ರ ರಸ್ತೆಲಿ ಇಡ್ಬೇಡಾ ಮಾರಾಯ. ನಮ್ದೇ ಅಂತ ಒಂದು ಸೂರು ಆಗ್ಲಿ, ಅದರ ಕೆಳಗಿಂದ ನನ್ನ ಕಳಿಸು. ಸೂರು ಆದ್ಮೇಲೆ ಯಾವತ್ತು ಕರೆದ್ರೂ ನಾನು ತಯಾರು."

ಪಕ್ಕದಲ್ಲಿ ನಡೆಯುತ್ತಿದ್ದ ಅಯ್ಯನವರು ಅಭ್ಯಾಸಬಲದಿಂದ "ಆಮೆನ್" ಅಂದುಬಿಟ್ಟರು.

ಭತ್ತದ ಟ್ರ್ಯಾಕ್ಟರು

ಸಭೆ ದೊಡ್ಡದಾಗುತ್ತಾ ಹೋಯಿತು, ಜಾಗ ಮಾತ್ರ ಸಿಗಲಿಲ್ಲ. ಕೊನೆಗೆ, ಸೊರಬದ ಕಡೆ ಹೋಗುವ ರಸ್ತೆಯಲ್ಲಿ ಊರು ಮುಗಿಯುವ ಹತ್ತಿರ, ಮುಚ್ಚಿ ವರ್ಷಗಳಾಗಿದ್ದ ರೈಸ್ ಮಿಲ್ಲು ಸಿಕ್ಕಿತು. ಎತ್ತರದ ಗೋಡೆ, ಮುರಿದ ಶೀಟು, ಒಳಗೆ ಮೊಣಕಾಲಿನವರೆಗೆ ಹಳೆಯ ಹೊಟ್ಟು. ಮಷಿನುಗಳನ್ನು ಹಿಂದಿನ ಮಾಲೀಕರೇ ಬಿಚ್ಚಿ ಮಾರಿದ್ದರು. ಬೋರ್ಡು ಮಾತ್ರ ಹಾಗೇ ಇತ್ತು. ಅದನ್ನು ಇಳಿಸಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಕೆಲಸ ಶುರು ಮಾಡುವ ಮೊದಲು ಇಪ್ಪತ್ತು ಜನ ಒಳಗೆ ನಿಂತು ಪ್ರಾರ್ಥನೆ ಮಾಡುತ್ತಿದ್ದೆವು. ಎಲ್ಲರೂ ಕಣ್ಣು ಮುಚ್ಚಿದ್ದೆವು, ಕೇಳಿದ ಸದ್ದು ರಸ್ತೆಯದು ಅಂದುಕೊಂಡೆವು. ತೆರೆದಾಗ ಶಟರಿನ ಬಾಯಲ್ಲಿ ಒಂದು ಟ್ರ್ಯಾಕ್ಟರು ಹಿಂದುಮುಂದಾಗಿ ನಿಂತಿತ್ತು, ಟ್ರೇಲರಿನ ತುಂಬ ಭತ್ತದ ಚೀಲ. ತೊಗರ್ಸಿ ಕಡೆಯ ವಯಸ್ಸಾದ ರೈತರೊಬ್ಬರು ಕೆಳಗಿಳಿದರು.

"ಅಂತೂ ಮಿಲ್ಲು ಚಾಲೂ ಮಾಡಿದ್ರಲ್ಲ, ಪುಣ್ಯಾತ್ಮರು! ಯಾವಾಗ ಹಾಕ್ತೀರಿ?"

ಅಯ್ಯನವರು ಸಮಾಧಾನದಿಂದ ಹೇಳಿದರು. "ಯಜಮಾನ್ರೇ, ಇಲ್ಲಿ ಮಷಿನ್ ಇಲ್ಲ. ನಾವು ಪ್ರಾರ್ಥನೆ ಮಾಡ್ತಿದ್ದೀವಿ."

"ಮಾಡ್ರಿ, ಮಾಡ್ರಿ. ಹೊಸಾದು ಶುರು ಮಾಡೋವಾಗ ದೇವರ ಕೆಲಸ ಮೊದಲು ಆಗಬೇಕು. ನನಗೇನು ಅವಸರ ಇಲ್ಲ," ಎಂದು ಒಂದು ಚೀಲದ ಮೇಲೆ ಕುಳಿತರು. ನಮ್ಮ ಪ್ರಾರ್ಥನೆಗಳು ಸಣ್ಣವಲ್ಲ. ಒಬ್ಬರಾದ ಮೇಲೆ ಒಬ್ಬರು ಮಾಡುತ್ತಾರೆ. ಅವರು ಪೂರ್ತಿ ಒಂದೂವರೆ ಗಂಟೆ ಕೈ ಜೋಡಿಸಿಕೊಂಡು ಕೂತಿದ್ದರು. ಆಮೇಲೆ ನಾನು ಅವರನ್ನು ಒಳಗೆ ಕರೆದುಕೊಂಡು ಹೋಗಿ, ಮಷಿನ್ ಇದ್ದ ಖಾಲಿ ಕಟ್ಟೆಯನ್ನು ತೋರಿಸಿದೆ. ಅವರು ಅದರ ಸುತ್ತ ಒಂದು ಸುತ್ತು ಬಂದು, ಬೇಸರದಿಂದ ತಲೆ ಆಡಿಸಿದರು.

"ಹಿಂದಿನ ಮಾಲೀಕ ನಿಮ್ಮ ಕಾಲು ಭಾಗದಷ್ಟು ದೇವರನ್ನ ನೆನೆದಿದ್ರೂ ಈ ಮಿಲ್ಲು ಮುಚ್ತಿರಲಿಲ್ಲ, ತಗೋರಿ."

ಸೋರುವ ಜಾಗ

ಇದು ಚಿಕ್ಕದು. ಅಮ್ಮನಿಗೆ ಆಗಲೇ ಹೃದಯದ ತೊಂದರೆ ಶುರುವಾಗಿತ್ತು. ಡಾಕ್ಟರು ಮನೆಯಲ್ಲೇ ಇರಿ ಅಂದಿದ್ದರು. ಅವಳು ದಿನಾ ಆಟೋ ಹತ್ತಿ ಮಿಲ್ಲಿಗೆ ಬರುತ್ತಿದ್ದಳು. ಅಯ್ಯನವರು ನಿಂತು ಉಪದೇಶ ಮಾಡಬೇಕಾದ ಕಟ್ಟೆಯ ಮುಂದೆ, ಸರಿಯಾಗಿ ನಡುವೆ, ಒಂದು ಕುರ್ಚಿ ಹಾಕಿಕೊಂಡು ಕೂರುವಳು. ಅದು ಅಂತ್ಯಕ್ರಿಯೆಯಲ್ಲಿ ಪೆಟ್ಟಿಗೆ ಇಡುವ ಜಾಗ ಎಂದು ನಮಗೆಲ್ಲ ಗೊತ್ತಿತ್ತು.

ಹೊಸ ಶೀಟು ಹಾಕಿದ ಮೇಲೆ ಮೊದಲ ಮಳೆ ಬಂತು. ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದೇ ಒಂದು ಕಡೆ ಸೋರಿತು, ಅಮ್ಮನ ನೆತ್ತಿಯ ಮೇಲೆ.

ಶೀಟು ಹಾಕಿದವನು ಹಲ್ಲು ಕಿರಿದ. "ಒಂದೇ ಹನಿ ಅಲ್ವೇನಮ್ಮಾ. ಕುರ್ಚಿ ಎರಡಡಿ ಆಚೆ ಹಾಕ್ಕೊಂಡ್ರೆ ಆಯ್ತು."

"ಕೂತವಳಾದ್ರೆ ಎದ್ದು ಆಚೆ ಹೋಗ್ತೀನಿ," ಅಂದಳು ಅಮ್ಮ. "ಮಲಗಿದವಳು ಏನ್ ಮಾಡ್ಲಿ?"

ಅವನು ಏಣಿ ಹತ್ತಿದ. ಮಳೆ ಇನ್ನೂ ನಿಂತಿರಲಿಲ್ಲ.

ಬಾಗಿಲಿನ ಅಳತೆ

ಮಿಲ್ಲಿನ ಮುಂಭಾಗದಲ್ಲಿ ಬಾಗಿಲಿರಲಿಲ್ಲ. ಟ್ರ್ಯಾಕ್ಟರು ಒಳಗೆ ಬರುವಷ್ಟು ಅಗಲದ ಶಟರ್ ಇತ್ತು. ಅದನ್ನು ತೆಗೆದು, ಗೋಡೆ ಕಟ್ಟಿ, ನಡುವೆ ಎರಡು ರೆಕ್ಕೆಯ ಮರದ ಬಾಗಿಲು ಇಡುವುದೆಂದು ತೀರ್ಮಾನವಾಯಿತು. ಕೆಲಸ ಒಪ್ಪಿಕೊಂಡವರು ನಾವೆಲ್ಲ ಬಡಗಿ ಭಾಯಿ ಅನ್ನುವ ಸಾಬರು. ಮೂರು ತಲೆಮಾರಿನಿಂದ ಮರಗೆಲಸದ ಮನೆತನ, ಮಾತು ಕಡಿಮೆ, ಕೆಲಸ ಚೊಕ್ಕ. ಅವರು ಟೇಪು ಹಿಡಿದು ನಾಲ್ಕು ಅಡಿಗೆ ಗುರುತು ಹಾಕಿದರು.

ಅಮ್ಮ ಕುರ್ಚಿಯಿಂದ ಎದ್ದು ಬಂದಳು. "ಇದು ಸಾಲಲ್ಲ."

"ನಾಲ್ಕು ಅಡಿ ಧಾರಾಳ ಆಯ್ತಮ್ಮಾ. ಮದುವೆ ಹೆಣ್ಣು ಗಂಡು ಜೋಡಿಯಾಗಿ ಬರಬಹುದು."

"ಹೆಣ್ಣು ಗಂಡು ಬೇಕಾದ್ರೆ ಒಬ್ಬರ ಹಿಂದೆ ಒಬ್ಬರು ಬರ್ಲಿ. ಪೆಟ್ಟಿಗೆ ಎರಡು ಅಡಿ ಅಗಲ. ಆ ಕಡೆ ಮೂರು ಜನ, ಈ ಕಡೆ ಮೂರು ಜನ ಹೊತ್ತಿರ್ತಾರೆ. ನಾಲ್ಕು ಅಡಿಲಿ ಅವರ ಭುಜ ಎಲ್ಲಿ ಹೋಗ್ಬೇಕು?" ಎಂದು, ನನ್ನನ್ನೂ ಅಯ್ಯನವರನ್ನೂ ಕರೆದು, ಒಂದು ಬೆಂಚಿನ ಎರಡು ಬದಿಗೆ ನಿಲ್ಲಿಸಿ, ಗುರುತಿನ ನಡುವೆ ನಡೆಸಿದಳು. ಅಯ್ಯನವರ ಮೊಣಕೈ ಗುರುತಿನ ಆಚೆ ಹೋಯಿತು. ನಾನು ಕಣ್ಣು ಮೇಲೆತ್ತಲಿಲ್ಲ. ಆ ಬೆಂಚಿನ ಮೇಲೆ ಯಾರಿದ್ದಾರೆಂದು ಲೆಕ್ಕ ಹಾಕಿ ಅವಳು ಅಳತೆ ತೆಗೆಯುತ್ತಿದ್ದಾಳೆ ಅನ್ನುವುದು ನನಗೆ ಗೊತ್ತಿತ್ತಲ್ಲ.

ಬಡಗಿ ಭಾಯಿ ಗಡ್ಡ ನೀವಿಕೊಂಡರು. "ಒಂದು ಮಾತು ಹೇಳ್ಲಾ ಅಮ್ಮಾ? ಬಾಗಿಲ ಹತ್ರ ಪೆಟ್ಟಿಗೆ ಒಂಚೂರು ಓರೆ ಮಾಡಿ ತಗೊಂಡ್ರೆ ಆರಾಮಾಗಿ ಬರ್ತದೆ."

ಅಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ಹುಟ್ಟೋವಾಗ ಹಂಗೇ ಓರೆಯಾಗಿ ಬಂದವನು. ನಿಮ್ಮಮ್ಮನ್ನ ಕೇಳು ಹೋಗು, ಎಷ್ಟು ಆರಾಮಾಗಿ ಬಂದೆ ಅಂತ. ಬೆಳಿಗ್ಗೆಯಿಂದ ಸಂಜೆ ತನಕ ನನ್ನ ಕೈ ಬಿದ್ದುಹೋಗಿತ್ತು."

ಕೂಲಿಯವರೆಲ್ಲ ಕೆಲಸ ನಿಲ್ಲಿಸಿದರು. ಐವತ್ತರ ಹತ್ತಿರದ ಬಡಗಿ ಭಾಯಿ ಕಿವಿಯವರೆಗೆ ಕೆಂಪಾಗಿ, ಹಳೆಯ ಗುರುತು ಅಳಿಸಿ, ಆರು ಅಡಿಗೆ ಹೊಸ ಗುರುತು ಹಾಕಿದರು. ಈಗಲೂ ಆ ಬಾಗಿಲು ಯಾಕಿಷ್ಟು ಅಗಲ ಎಂದು ಯಾರಾದರೂ ಕೇಳಿದರೆ ಅವರು ಹೇಳುವುದು ಒಂದೇ. "ಹುಟ್ಟೋವಾಗ ತ್ರಾಸು ಕೊಟ್ಟಿದ್ದಕ್ಕೆ ಎರಡು ಅಡಿ ದಂಡ."

ಬಣ್ಣ

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ಒಂದೊಂದು ಕೆಲಸ ಮುಗಿದಾಗಲೂ ಅಮ್ಮ ಒಂದೊಂದು ಬೆರಳು ಮಡಚುತ್ತಿದ್ದಳು. ಸೂರಾಯಿತು. ನೆಲವಾಯಿತು. ಬಾಗಿಲಾಯಿತು. ಹಾಗೆ ಮಡಚುವಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು. ಇನ್ನೆಷ್ಟು ಬೆರಳು ಉಳಿದಿವೆ ಎಂದು ನಾನು ಎಣಿಸುತ್ತಿದ್ದೆ. ಮೆಟ್ಟಿಲು ಹತ್ತಲು ಆಗದವಳು, ರಾತ್ರಿ ಮಲಗಿದರೆ ಉಸಿರು ಸಿಗದೆ ಎದ್ದು ಕೂರುವವಳು, ಬೆಳಗಾದರೆ ಮಾತ್ರ ಮಿಲ್ಲಿಗೆ ಹೊರಡುತ್ತಿದ್ದಳು. ಈ ಕಟ್ಟಡವೇ ಅವಳನ್ನು ಹಿಡಿದಿಟ್ಟಿದೆ, ಇದು ಮುಗಿದರೆ ಅವಳೂ ಮುಗಿಯುತ್ತಾಳೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಉಳಿದದ್ದು ಬಣ್ಣವೊಂದೇ. ನಾನು ಬಣ್ಣ ಆರಿಸುವ ಜವಾಬ್ದಾರಿ ತೆಗೆದುಕೊಂಡೆ, ಆರಿಸಲಿಲ್ಲ. ಮೊದಲು ಕೆನೆ ಬಣ್ಣ ಅಂದೆ. ಗೋಡೆಯ ಒಂದು ಮೂಲೆಗೆ ಬಳಿಸಿ, ಬೇಡ ಅಂದೆ. ತಿಳಿನೀಲಿ ಬಳಿಸಿದೆ. ಆಸ್ಪತ್ರೆ ಥರ ಕಾಣುತ್ತದೆ ಅಂದೆ. ಗೋಡೆಯಲ್ಲಿ ಇಲ್ಲದ ಬಿರುಕು ಹುಡುಕಿ ಮತ್ತೆ ಸಿಮೆಂಟು ಮೆತ್ತಿಸಿದೆ, ಅದು ಒಣಗಲಿ ಎಂದು ಹದಿನೈದು ದಿನ ಕಾಯಿಸಿದೆ. ಹೀಗೆ ಎರಡೂವರೆ ತಿಂಗಳು ತಳ್ಳಿದೆ. ಸಭೆಯವರಿಗೆ ಅನುಮಾನ ಬರಲಿಲ್ಲ. ಬುಧವಾರದ ಪ್ರಾರ್ಥನೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ನಿನ್ನ ಆಲಯದ ಒಂದೊಂದು ಇಂಚನ್ನೂ ಇಷ್ಟು ಶ್ರದ್ಧೆಯಿಂದ ನೋಡುವ ಕಾರ್ಯದರ್ಶಿಯನ್ನು ಕೊಟ್ಟಿದ್ದಕ್ಕೆ ಸ್ತೋತ್ರ, ಕರ್ತನೇ," ಅಂದರು. ಎಲ್ಲರೂ ಸ್ತೋತ್ರ ಅಂದರು. ನಾನೂ ಅಂದೆ. ಅನ್ನದೆ ಇದ್ದರೆ ಎಲ್ಲರೂ ತಿರುಗಿ ನೋಡುತ್ತಿದ್ದರು.

ಅಮ್ಮನಿಗೆ ಮಾತ್ರ ಅದೆಲ್ಲ ಗೊತ್ತಾಗಿತ್ತು. ಒಂದು ದಿನ ಗಂಜಿ ಕುಡಿಯುತ್ತಾ ಲೋಟ ಕೆಳಗಿಟ್ಟು ಕೇಳಿದಳು. "ಏನಾ, ಬಣ್ಣ ಹೊಡ್ಸದೇ ಇದ್ರೆ ನಾನು ಸಾಯಲ್ಲ ಅಂದ್ಕೊಂಡಿದ್ಯಾ?"

ಒಳಗೆ ನನ್ನ ಹೆಂಡತಿ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಬಿಳಿ ಹೊಡ್ಸು," ಅಂದಳು ಅಮ್ಮ. "ಯಾವ ಬಣ್ಣ ಹೊಡ್ಸಿದ್ರೂ ನನಗೆ ಒಂದೇ. ನಾನು ಅಲ್ಲಿ ಇರೋದು ಒಂದೇ ದಿನ, ಅದೂ ಕಣ್ಣು ಮುಚ್ಕೊಂಡು."

ಕಾಯಿರಿ ಅನ್ನುವವರು ಯಾರು

ಬಿಳಿ ಹೊಡೆಸಿದೆ. ಬುಧವಾರಕ್ಕೆ ಮುಗಿಯಿತು. ಪ್ರತಿಷ್ಠೆಯ ಆರಾಧನೆ ಭಾನುವಾರ ಎಂದು ಗೊತ್ತಾಗಿತ್ತು. ಪ್ರತಿಷ್ಠೆ ಅಂದರೆ ಕಟ್ಟಡವನ್ನು ದೇವರಿಗೆ ಒಪ್ಪಿಸುವುದು, ಅದಾದ ಮೇಲೆಯೇ ಅಲ್ಲಿ ಆರಾಧನೆ ಶುರು. ಶುಕ್ರವಾರ ಬೆಳಿಗ್ಗೆ ಅಮ್ಮನಿಗೆ ಚಹಾ ಕೊಡಲು ಹೋದ ನನ್ನ ಹೆಂಡತಿ ಲೋಟ ಹಿಡಿದುಕೊಂಡೇ ವಾಪಸ್ ಬಂದಳು. ಅವಳ ಮುಖ ನೋಡಿ ನಾನೇ ಒಳಗೆ ಹೋದೆ.

ಮಧ್ಯಾಹ್ನ ಸಭೆಯ ಹಿರಿಯರು ನಮ್ಮ ಮನೆಯ ಮುಂದೆ ಸೇರಿದರು. ಒಬ್ಬರು ಗಂಟಲು ಸರಿ ಮಾಡಿಕೊಂಡರು. "ಬೇಜಾರು ಮಾಡ್ಕಬ್ಯಾಡ್ರಿ. ಹೊಸ ದೇವಾಲಯದಾಗೆ ಮೊದಲನೇ ಆರಾಧನೇನೇ ಮಣ್ಣಿನದ್ದು ಅಂದ್ರೆ ಹೆಂಗೆ? ಪ್ರತಿಷ್ಠೇನೂ ಆಗಿಲ್ಲ. ಇವತ್ತು ಎಲ್ಲಾದ್ರೂ ಬೇರೆ ಕಡೆ ಮಾಡಾಣ. ಇಲ್ಲಾ, ಐಸ್ ಪೆಟ್ಟಿಗೆ ತರಿಸಿ ಸೋಮವಾರದ ತನಕ ಕಾಯಾಣ."

ಬೇರೆ ಕಡೆ ಅಂದರೆ ರಸ್ತೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆರು ವರ್ಷದಿಂದ ಅವಳು ಕೇಳಿದ್ದು ಒಂದೇ ಒಂದು.

ಅಯ್ಯನವರು ಒಳಗೆ ಅಮ್ಮ ಮಲಗಿದ್ದ ಕೋಣೆಯ ಬಾಗಿಲು ತೋರಿಸಿದರು. "ಕಾಯಿರಿ ಅಂತ ಅವರಿಗೆ ಯಾರು ಹೇಳ್ತೀರಿ? ನಾನಂತೂ ಹೇಳಲ್ಲ. ನೀವು ಹೋಗಿ ಹೇಳಿ."

ಹಿರಿಯರು ಆ ಬಾಗಿಲನ್ನು ನೋಡಿದರು. ಅಮ್ಮನಿಂದ ಬೈಸಿಕೊಳ್ಳದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಮೊದಲು ಮಾತಾಡಿದವರೇ ಮೆಲ್ಲಗೆ ಅಂದರು. "ನಾಲ್ಕು ಗಂಟೆಗೆ ಇಟ್ಕಳಾಣ."

ಮೊದಲನೇ ಆರಾಧನೆ

ಕೊನೆಯದನ್ನು ಹೇಳುವ ಮೊದಲು ಒಂದು ವಿಷಯ ತಿಳಿಸಬೇಕು. ಅಪ್ಪನ ಸಾವಿನ ನಂತರ ಆ ಮಂಟಪ ಬಿಟ್ಟು, ಒಂದು ಶಾಲೆಯ ಹಾಲಿನಲ್ಲಿ ಸೇರುತ್ತಿದ್ದೆವು. ನಮ್ಮ ಆರಾಧನೆ ಮುಗಿದ ಹತ್ತು ನಿಮಿಷಕ್ಕೆ ಅಲ್ಲಿ ಟ್ಯೂಷನ್ ಶುರು. ಆದ್ದರಿಂದ ಪ್ರತಿ ಭಾನುವಾರ, ಅಯ್ಯನವರು ಆಶೀರ್ವಾದ ಕೊಟ್ಟು ಕೊನೆಯ 'ಆಮೆನ್' ಅಂದ ಕ್ಷಣವೇ ಇಡೀ ಸಭೆ ಎದ್ದು, ಅವರವರ ಕುರ್ಚಿ ಮಡಚಿ, ಹೊರಗೆ ನಿಂತಿರುವ ಗೂಡ್ಸ್ ಆಟೋಗೆ ಹೇರಬೇಕು. ಹೆಂಗಸರು ಚಾಪೆ ಸುತ್ತುವರು. ಇಬ್ಬರು ಅಕ್ಕಂದಿರು ಮೇಜಿನ ಬಟ್ಟೆ ಮಡಚುವರು. ಅಯ್ಯನವರೇ ಮೈಕಿನ ವೈರು ಸುತ್ತುವರು. ಆಮೇಲೆ ಆಟೋ ಎಲ್ಲವನ್ನೂ ಒಂದು ಶೆಡ್ಡಿಗೆ ಒಯ್ಯುತ್ತದೆ. ವರ್ಷಗಟ್ಟಲೆ ಮಾಡಿ ಮಾಡಿ, ನಮ್ಮ ಕೈಗಳಿಗೆ ಅದು ನಮ್ಮನ್ನು ಕೇಳದೆ ಬರುತ್ತಿತ್ತು.

ಆ ಶುಕ್ರವಾರ ಶೆಡ್ಡಿನಿಂದ ಸಾಮಾನೆಲ್ಲ ಅದೇ ಆಟೋದಲ್ಲಿ ಮಿಲ್ಲಿಗೆ ಬಂತು. ಶೆಡ್ಡಿನ ಬೀಗದ ಕೈಯನ್ನೂ ಅದರ ಮಾಲೀಕರಿಗೆ ಕೊಟ್ಟಾಯಿತು. ಇಳಿಸಿದ ಮೇಲೆ ಆಟೋದವನೂ ಅಮ್ಮನಿಗೆ ಕೈ ಮುಗಿಯಲು ನಿಂತ. ಅವನೂ ಅವಳ ಕೈಯಲ್ಲೇ ಹುಟ್ಟಿದವನು.

ನಾಲ್ಕು ಗಂಟೆಗೆ ಅಮ್ಮ ಬಂದಳು. ಆರು ಜನ ಹೊತ್ತುಕೊಂಡು, ಯಾರ ಭುಜವೂ ತಾಗದೆ, ನೇರವಾಗಿ ಒಳಗೆ ತಂದು ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟರು. ಗೋಡೆಗಳಲ್ಲಿ ಇನ್ನೂ ಬಣ್ಣದ ವಾಸನೆ ಇತ್ತು. ಬಡಗಿ ಭಾಯಿ ತಮ್ಮ ಬಾಗಿಲಿನ ಪಕ್ಕದಲ್ಲೇ ಟೋಪಿ ಹಾಕಿಕೊಂಡು ನಿಂತಿದ್ದರು. ನಾವು ಹಾಡಿದೆವು. ಯಾವ ಲಾರಿಗೂ ಜಾಗ ಬಿಡಬೇಕಾಗಿರಲಿಲ್ಲ, ಒಂದು ಚರಣವನ್ನೂ ನಿಲ್ಲಿಸಲಿಲ್ಲ. ಆ ಎತ್ತರದ ಸೂರಿನ ಕೆಳಗೆ ನಮ್ಮ ದನಿ ನಮಗೇ ಹೊಸದಾಗಿ ಕೇಳಿಸಿತು. ನಾನು ಅತ್ತೆ. ನನ್ನ ಹೆಂಡತಿ ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತಳು. ಅಯ್ಯನವರು ಆಶೀರ್ವಾದ ಕೊಟ್ಟರು. ಕೊನೆಯ "ಆಮೆನ್" ಆಯಿತು.

ಇಡೀ ಸಭೆ ಎದ್ದು ಕುರ್ಚಿ ಮಡಚಿತು.

ಯಾರೂ ಯೋಚಿಸಲಿಲ್ಲ. ಅಳುತ್ತಲೇ ಮಡಚಿದರು. ಅಳುತ್ತಲೇ ಚಾಪೆ ಸುತ್ತಿದರು. ಅಯ್ಯನವರು ಕಣ್ಣೊರೆಸಿಕೊಂಡು ಮೈಕಿನ ವೈರನ್ನು ಮೊಣಕೈಗೆ ಸುತ್ತತೊಡಗಿದರು. ನಾನು, ಸ್ವಂತ ಮಗ, ನನ್ನ ಕುರ್ಚಿಯ ಜೊತೆ ಪಕ್ಕದ ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಹೋಗಿ ಆಟೋಗೆ ಹಾಕಿ ಬಂದೆ. ಐದಾರು ನಿಮಿಷದಲ್ಲಿ ಹಾಲು ಖಾಲಿ. ಮೇಜಿನ ಬಟ್ಟೆಯ ಅಕ್ಕಂದಿರಿಬ್ಬರು ಮಾತ್ರ ಬಟ್ಟೆಯ ಎರಡು ತುದಿ ಹಿಡಿದು ಎಳೆಯುತ್ತಿದ್ದರು.

"ಬರ್ತಿಲ್ವಲ್ಲೇ, ಎಲ್ಲೋ ಸಿಕ್ಕಾಕ್ಕೊಂಡಿದೆ."

"ಆ ಕಡೆಯಿಂದ ಜಗ್ಗೇ."

ನೆಲದ ಮೇಲಿದ್ದ ನನ್ನ ಹೆಂಡತಿ ತಲೆ ಎತ್ತಿದಳು. "ಅಯ್ಯೋ, ಬಿಡ್ರೇ! ಅದರ ಮೇಲೆ ಅತ್ತೆ ಇದಾರೆ!"

ಎಲ್ಲರೂ ನಿಂತಲ್ಲೇ ನಿಂತರು. ಬೆಳ್ಳಗಿನ ಖಾಲಿ ಹಾಲಿನ ನಡುವೆ ಅಮ್ಮ ಒಬ್ಬಳೇ. ಸುತ್ತ ಒಂದು ಕುರ್ಚಿ ಇಲ್ಲ, ಒಂದು ಚಾಪೆ ಇಲ್ಲ. ಅಯ್ಯನವರು ವೈರಿನ ಸುರುಳಿಯಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ. ಅವರು ಅಳುತ್ತಿರಲಿಲ್ಲ.

ಅಷ್ಟರಲ್ಲಿ ಆಟೋದವನು ಹಗ್ಗ ಬಿಗಿದು, ಗಾಡಿ ಸ್ಟಾರ್ಟ್ ಮಾಡಿ, ಬಾಗಿಲಲ್ಲಿ ತಲೆ ಹಾಕಿದ. "ಎಲ್ಲಾ ಹೇರಿ ಆತ್ರೀ. ಇವತ್ತು ಎಲ್ಲಿಗೆ ಹೊಡೀಲಿ?"

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಅಯ್ಯನವರು ಹೇಗೋ ಉಸಿರು ಹಿಡಿದು ಹೇಳಿದರು. "ಎಲ್ಲಿಗೂ ಬೇಡಪ್ಪ. ಇನ್ಮೇಲೆ ನಾವು ಇಲ್ಲೇ ಇರೋದು."

ಅವನು ಹೋಗಿ ಗಾಡಿ ಆಫ್ ಮಾಡಿ ಬಂದ. ಹೊರಗೆ ಗಾಡಿಯ ತುಂಬ ಪೇರಿಸಿದ್ದ ಕುರ್ಚಿಗಳನ್ನು ಒಮ್ಮೆ ನೋಡಿದ, ನಮ್ಮನ್ನು ಒಮ್ಮೆ ನೋಡಿದ.

"ಹಂಗಾದ್ರೆ ಹೇರಿದ್ದ್ಯಾಕ್ರೀ?"